ಪದ ಪರಿಚಯ: ಮುತ್ತಿಗೆ

ಹಾಸನದಲ್ಲಿ ಪೇಪರ್ ಓದುವವರಿಗೆ ಈ ಪದ ಹೊಸದಲ್ಲ. ಆನೆ ಹಾವಳಿ ತಡೆಯಿರಿ ಅಂತ ಅರಣ್ಯ ಇಲಾಖೆ ಕಚೇರಿಗೆ ಮುತ್ತಿಗೆ. ಬೆಳೆಗೆ ಬೆಲೆ ಬಿದ್ದರೆ ಡಿಸಿ ಕಚೇರಿಗೆ ಮುತ್ತಿಗೆ. ಬೆಳಗ್ಗೆ ಹಾಕಿದರೆ ಸಂಜೆಯೊಳಗೆ ಮುಗಿಯುತ್ತದೆ. ಮನವಿ ಪತ್ರ ಕೊಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಯುದ್ಧದ ಸುದ್ದಿಯಲ್ಲಿ ಇದೇ ಪದ ಬಂದಾಗ ಮಾತ್ರ ಸ್ವಲ್ಪ ನಿಂತು ಓದಬೇಕು.

'ಮುತ್ತು' ಅಂದರೆ ಸುತ್ತಲೂ ಕವಿದುಕೊಳ್ಳುವುದು. ಬೆಲ್ಲಕ್ಕೆ ಇರುವೆ, ಹಲಸಿನ ತೊಳೆಗೆ ನೊಣ ಮುತ್ತುತ್ತವೆ ಅಲ್ವಾ, ಅದೇ ಮಾತು. ಲಗ್ಗೆ ಬೇರೆ, ಮುತ್ತಿಗೆ ಬೇರೆ. ಲಗ್ಗೆ ಹಾಕಿದವನು ಏಣಿ ಇಟ್ಟು ಕೋಟೆಯೊಳಗೆ ನುಗ್ಗುತ್ತಾನೆ. ಮುತ್ತಿಗೆ ಹಾಕಿದವನು ದಾರಿಗಳನ್ನೆಲ್ಲ ಕಟ್ಟಿ ಸುಮ್ನೆ ಕಾಯುತ್ತಾನೆ, ಒಳಗಿನ ಕಣಜ ಬರಿದಾಗುವವರೆಗೆ.

ಸಕಲೇಶಪುರದ ಮಂಜರಾಬಾದ್ ಕೋಟೆ ಹತ್ತಿದವರು ಅದರ ನಕ್ಷತ್ರದ ಆಕಾರ ನೋಡಿ, ಫೋಟೋ ತೆಗೆದು ಇಳಿಯುತ್ತಾರೆ. ಇನ್ನೊಂದು ಸಲ ಹೋದಾಗ ನಡುವೆ ಇರುವ ಕೊಳದ ಹತ್ತಿರ ನಿಂತು ನೋಡಿ. ಟಿಪ್ಪು ಕಟ್ಟಿಸಿದ ಈ ಕೋಟೆ ಮುಗಿದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಬ್ರಿಟಿಷರ ಮುತ್ತಿಗೆ ಬಿದ್ದಿತ್ತು. ಗೋಡೆ ಎಷ್ಟೇ ದಪ್ಪ ಇರಲಿ, ಒಳಗೆ ನೀರಿಲ್ಲದ ಕೋಟೆ ನಿಲ್ಲುವುದಿಲ್ಲ.

ಮಂಜರಾಬಾದಿನಲ್ಲಿ ಇದ್ದವರು ಸೈನಿಕರು. ಕಳೆದ ನೂರು ವರ್ಷಗಳ ದೊಡ್ಡ ಮುತ್ತಿಗೆಗಳು ಬಿದ್ದದ್ದು ಇಡೀ ಊರುಗಳ ಮೇಲೆ. 1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೈನ್ಯ ರಷ್ಯಾದ ಲೆನಿನ್‌ಗ್ರಾಡನ್ನು (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಸುತ್ತುವರಿಯಿತು. ಮುತ್ತಿಗೆ ಪೂರ್ತಿ ತೆರವಾಗಿದ್ದು 1944ರ ಜನವರಿಯಲ್ಲಿ, 872 ದಿನಗಳ ನಂತರ. ಮೊದಲ ಚಳಿಗಾಲದಲ್ಲಿ ಮಕ್ಕಳಿಗೆ, ಮುದುಕರಿಗೆ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ ಬ್ರೆಡ್. ನಮ್ಮ ಒಂದು ರಾಗಿಮುದ್ದೆಯ ಅರ್ಧ ತೂಕ ಬಂದರೆ ಹೆಚ್ಚು. ಅದರಲ್ಲೂ ಹಿಟ್ಟಿನ ಜೊತೆ ಮರದ ನಾರು ಬೆರೆಸಿರುತ್ತಿದ್ದರು. ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದರ ಎರಡರಷ್ಟು, ಮುಂಚೂಣಿಯ ಸೈನಿಕರಿಗೆ ಇನ್ನೂ ಜಾಸ್ತಿ. ಮುತ್ತಿಗೆಯನ್ನು ಅರ್ಥಮಾಡಿಕೊಳ್ಳಲು ಈ ಲೆಕ್ಕ ಒಂದೇ ಸಾಕು ಅನ್ನಿಸುತ್ತದೆ ನನಗೆ. ಊಟ ಕಡಿಮೆಯಾದಾಗ ಕೋವಿ ಹಿಡಿದವನ ತಟ್ಟೆ ಮೊದಲು ತುಂಬುತ್ತದೆ. ಹೊರಗಿನವನು ಸೈನ್ಯವನ್ನು ಮಣಿಸಲು ಹಸಿವು ಕಳಿಸಿದರೆ, ಅದು ಹೋಗಿ ತಟ್ಟುವುದು ತೊಟ್ಟಿಲಿಗೆ. ಆರು ಲಕ್ಷಕ್ಕೂ ಹೆಚ್ಚು ನಾಗರಿಕರು ಆ ಊರಿನಲ್ಲಿ ಸತ್ತರು, ಬಹುತೇಕ ಹಸಿವಿನಿಂದಲೇ.

ಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ ಸೇನಾಪತಿ ಫಾನ್ ಲೇಬ್‌ನನ್ನು ನ್ಯೂರೆಂಬರ್ಗ್‌ನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಊರಿಗೆ ಅನ್ನ ಹೋಗದಂತೆ ತಡೆದದ್ದು ಅಂದಿನ ಕಾನೂನಿನ ಪ್ರಕಾರ ಅಪರಾಧವಲ್ಲ ಅಂತ 1948ರಲ್ಲಿ ತೀರ್ಪು ಬಂತು. ಓದಿದರೆ ಹೊಟ್ಟೆ ಉರಿಯುತ್ತದೆ.

1949ರ ಜಿನೀವಾ ಒಪ್ಪಂದ, ಮುತ್ತಿಗೆ ಬಿದ್ದ ಊರಿನಿಂದ ರೋಗಿಗಳು, ಮುದುಕರು, ಮಕ್ಕಳು, ಬಾಣಂತಿಯರನ್ನು ಹೊರಗೆ ಕರೆತರಲು ಎರಡೂ ಕಡೆಯವರು ಪ್ರಯತ್ನಿಸಬೇಕು ಅಂದಿತು. ಪ್ರಯತ್ನ ಅಷ್ಟೇ. ಗಟ್ಟಿ ಮಾತು ಬಂದದ್ದು 1977ರಲ್ಲಿ, ಅದರ ಹೆಚ್ಚುವರಿ ಒಪ್ಪಂದದಲ್ಲಿ. ನಾಗರಿಕರನ್ನು ಹಸಿವಿಗೆ ದೂಡಿ ಯುದ್ಧ ಮಾಡುವಂತಿಲ್ಲ. ಅವರ ಬೆಳೆ, ದನಕರು, ಕುಡಿಯುವ ನೀರು, ನೀರಾವರಿ ಕಾಲುವೆ, ಯಾವುದನ್ನೂ ಹಾಳುಮಾಡುವಂತಿಲ್ಲ. ಹೇಮಾವತಿ ನಾಲೆ ನಂಬಿ ಬದುಕುವವರಿಗೆ ಈ ಪಟ್ಟಿಯನ್ನು ಬಿಡಿಸಿ ಹೇಳಬೇಕಿಲ್ಲ. ಗಮನಿಸಿ, ಶತ್ರು ಸೈನ್ಯವನ್ನು ಸುತ್ತುವರಿಯುವುದು ಇವತ್ತಿಗೂ ನಿಷಿದ್ಧವಲ್ಲ. ಜನರನ್ನು ಉಪವಾಸ ಕೆಡವುವುದು ನಿಷಿದ್ಧ.

ಆಮೇಲೂ ಮುತ್ತಿಗೆಗಳು ನಿಲ್ಲಲಿಲ್ಲ. ಬೋಸ್ನಿಯಾದ ರಾಜಧಾನಿ ಸರಾಯೆವೊ 1992ರಿಂದ 1996ರವರೆಗೆ ಹಾಗೇ ಸಿಕ್ಕಿಕೊಂಡಿತ್ತು. ಕ್ಯಾನ್ ಹಿಡಿದು ನೀರಿಗೆ ಸಾಲು ನಿಂತವರ ಮೇಲೆ ಶೆಲ್ ಬಿದ್ದು ಜನ ಸತ್ತರು. ಮಂಜರಾಬಾದಿನಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇತ್ತು ಅನ್ನುವ ಕತೆ ನಾವೆಲ್ಲ ಕೇಳಿದ್ದೇವೆ. ಸರಾಯೆವೊದವರು ನಿಜವಾಗಿಯೇ ಅಗೆದರು. ವಿಮಾನ ನಿಲ್ದಾಣದ ಕೆಳಗೆ, ಸುಮಾರು 800 ಮೀಟರ್. ಹಿಟ್ಟು, ಔಷಧಿ, ಗಾಯಾಳುಗಳನ್ನು ಅದರೊಳಗೆ ಸಾಗಿಸುತ್ತಿದ್ದರು.

ಸುಡಾನಿನ ಎಲ್ ಫಾಶರ್ ತೀರಾ ಈಚಿನದು. 2024ರಲ್ಲಿ ಶುರುವಾದ ಮುತ್ತಿಗೆ 500 ದಿನ ದಾಟಿತು. 2025ರ ಅಕ್ಟೋಬರ್‌ನಲ್ಲಿ ಊರು ಮುತ್ತಿಗೆ ಹಾಕಿದ್ದ ಆರ್‌ಎಸ್‌ಎಫ್ ಎಂಬ ಅರೆಸೈನಿಕ ಪಡೆಯ ಕೈಗೆ ಬಿತ್ತು. ಧಾನ್ಯ ಮುಗಿದಾಗ ಅಲ್ಲಿನ ಜನ 'ಅಂಬಾಜ್' ತಿಂದರು. ಅಂಬಾಜ್ ಅಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಕಡಲೆಕಾಯಿ ಹಿಂಡಿ. ಹಸು ಕಟ್ಟಿದವರಿಗೆ ಅದರ ವಾಸನೆ ಗೊತ್ತು. ನಾವು ಸಂಜೆ ಹಾಲು ಕರೆಯುವ ಮೊದಲು ನೆನೆಸಿ ಇಡುವ ಅದೇ ಹಿಂಡಿ. ಕೊನೆಕೊನೆಗೆ ಅದೂ ಸಿಗದಾಯಿತು.