ಸೇರುವ ಮೊದಲೇ ಸಂಬಳ ಕೇಳಿದರೆ ತಪ್ಪಾಗುತ್ತದಾ?

ಪ್ರಶ್ನೆ: ನಾನು ಅಂಕೋಲಾದವಳು. ಬಿಕಾಂ ಮುಗಿಸಿ ಎರಡು ವರ್ಷ ಒಂದು ಅಂಗಡಿಯಲ್ಲಿ ಲೆಕ್ಕ ಬರೆದೆ. ಈಗ ಕಾರವಾರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಆಗಿದೆ. ಫೋನಿನಲ್ಲಿ "ವರ್ಷಕ್ಕೆ 2 ಲಕ್ಷ 55 ಸಾವಿರದ ಪ್ಯಾಕೇಜು" ಅಂದರು, ಬರುವ ಸೋಮವಾರ ಬಂದು ಸೇರಿ ಅಂದರು. ಕಾಗದ ಏನೂ ಕೊಟ್ಟಿಲ್ಲ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಕೇಳೋಣ ಅಂದರೆ ಅಪ್ಪ ಬೇಡ ಅಂತಾರೆ. ಕೆಲಸ ಕೊಡಿಸಿದ್ದು ನಮ್ಮ ಪರಿಚಯದವರು, ಈಗಲೇ ದುಡ್ಡಿನ ಮಾತು ಎತ್ತಿದರೆ ಅವರ ಮರ್ಯಾದೆ ಹೋಗುತ್ತದೆ ಅಂತ. ಕೇಳಬಹುದಾ? ಹೇಗೆ ಕೇಳಲಿ?

ಕೇಳಿ. ಸೋಮವಾರಕ್ಕೆ ಮುಂಚೆಯೇ ಕೇಳಿ.

ಅಪ್ಪನ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಕೆಲಸ ಸಿಗೋದು ಹಾಗೇ ಅಲ್ವಾ? ಒಬ್ಬ ಮಾವ ಯಾರಿಗೋ ಹೇಳಿರುತ್ತಾರೆ, ಅವರು ಇನ್ಯಾರಿಗೋ ಫೋನ್ ಮಾಡಿರುತ್ತಾರೆ, ಕಡೆಗೆ ಸಾಹುಕಾರರು "ಅಡ್ಡಿಲ್ಲ, ಕಳಿಸಿ" ಅಂದಿರುತ್ತಾರೆ. ಹೀಗೆ ಬಂದ ಕೆಲಸದಲ್ಲಿ ಪಗಾರ ಎಷ್ಟು ಅಂತ ಬಾಯಿಬಿಟ್ಟು ಕೇಳೋದು, ಊಟಕ್ಕೆ ಕರೆದವರ ಮನೆಯಲ್ಲಿ ಏನು ಅಡುಗೆ ಅಂತ ಕೇಳಿದಷ್ಟೇ ಕಷ್ಟ.

ನನಗೂ ಹಾಗೇ ಆಗಿತ್ತು. ನನ್ನ ಮೊದಲ ಕೆಲಸ ಕುಮಟಾದಲ್ಲಿ, ಮಾವನೇ ಕೊಡಿಸಿದ್ದು. "ಕೆಲಸ ನೋಡಿ ಕೊಡುವಾ" ಅಂತ ಅಲ್ಲಿಯ ಮಾಲೀಕರು ಅಂದರು, ನಾನು ತಲೆ ಆಡಿಸಿದೆ. ಮೊದಲ ತಿಂಗಳು ಬಂದ ದುಡ್ಡು ರೂಮಿನ ಬಾಡಿಗೆ ಮತ್ತು ಊಟಕ್ಕೇ ಮುಗಿಯಿತು. ಎರಡನೇ ತಿಂಗಳಾದರೂ ಜಾಸ್ತಿ ಕೊಡಬಹುದು ಅಂತ ಕಾದೆ, ಕೊಡಲಿಲ್ಲ, ಆದರೆ ಅವರು ಮೋಸ ಮಾಡಿದರು ಅಂತ ಹೇಳೋಕೂ ಆಗೋದಿಲ್ಲ, ಯಾಕೆಂದರೆ ಅವರು ಇಷ್ಟು ಕೊಡುತ್ತೇನೆ ಅಂತ ಹೇಳಿರಲೇ ಇಲ್ಲ. ನಾಲ್ಕು ತಿಂಗಳಿಗೆ ಬಿಟ್ಟೆ. ಅದಾದ ಮೇಲೆ ಮಾವನಿಗೂ ಅವರಿಗೂ ಮಾತು ನಿಂತುಹೋಯಿತು, ಇವತ್ತಿಗೂ ನನಗೆ ಅದು ಬೇಜಾರು. ಮರ್ಯಾದೆ ಉಳಿಸೋಕೆ ಅಂತ ನಾನು ಸುಮ್ನಿದ್ದೆ, ಸಂಬಂಧ ಕೆಟ್ಟಿದ್ದೇ ಆ ಸುಮ್ನಿದ್ದುದರಿಂದ. ಇದನ್ನು ಅಪ್ಪನಿಗೆ ಹೇಳಿ. ಕೆಲಸ ಕೊಡಿಸಿದವರಿಗೂ ಮೊದಲೇ ಒಂದು ಮಾತು ತಿಳಿಸಿ, "ಸಂಬಳದ ವಿವರ ಒಂದು ಕೇಳಿಕೊಳ್ಳುತ್ತೇನೆ" ಅಂತ. ಮಧ್ಯದಲ್ಲಿ ಅವರನ್ನು ಎಳೆಯಬೇಡಿ, ಕೇಳೋದು ನೀವೇ ಕೇಳಿ.

ಈಗ ಆ 2 ಲಕ್ಷ 55 ಸಾವಿರಕ್ಕೆ ಬರೋಣ. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 21,250 ಆಗುತ್ತದೆ. ಎಲ್ಲರೂ ಮೊದಲು ಮಾಡೋದು ಈ ಲೆಕ್ಕ, ಮನೆಯಲ್ಲಿ ಹೇಳೋದೂ ಇದೇ ಅಂಕಿ. ಆದರೆ ಪ್ಯಾಕೇಜು ಅಥವಾ ಸಿಟಿಸಿ ಅಂದರೆ ನಿಮಗಾಗಿ ಕಂಪನಿಗೆ ಬೀಳುವ ಪೂರ್ತಿ ಖರ್ಚು. ಅದರಲ್ಲಿ ನಿಮ್ಮ ಕೈಗೆ ಯಾವತ್ತೂ ಬಾರದ ದುಡ್ಡೂ ಸೇರಿರುತ್ತದೆ. ಒಂದು ಉದಾಹರಣೆ ಹಾಕಿ ನೋಡಿ. ಭತ್ಯೆ ಗಿತ್ಯೆ ಏನಿಲ್ಲ, ತಿಂಗಳ ವೇತನ 18,000 ಅಂತ ಇಟ್ಟುಕೊಳ್ಳಿ. ಕಂಪನಿ ತನ್ನ ಪಾಲಿನ ಪಿಎಫ್ (ಭವಿಷ್ಯ ನಿಧಿ) ಕಟ್ಟುತ್ತದೆ, ಪಿಎಫ್ ಲೆಕ್ಕಕ್ಕೆ ವೇತನದ ಮಿತಿ 15,000 ಅಂತ ಹಿಡಿದರೆ ಅದರ ಶೇಕಡಾ 12, ಅಂದರೆ 1,800. ಇಎಸ್‌ಐ, ಅಂದರೆ ನೌಕರರ ವಿಮೆ, ಇದ್ದರೆ ಕಂಪನಿಯ ಪಾಲು ವೇತನದ ಶೇಕಡಾ 3.25, ಅದು 585. ಗ್ರಾಚ್ಯುಟಿಗೆ, ಅಂದರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಇಡಿಗಂಟಿಗೆ ಅಂತ, ತೆಗೆದಿಡೋದು ಸುಮಾರು 865. ಎಲ್ಲ ಕೂಡಿಸಿ, ಸರಿಯಾಗಿ 21,250.

ಹಾಗಾದರೆ ಕೈಗೆ 18,000 ಬರುತ್ತದಾ? ಅದೂ ಇಲ್ಲ. ನಿಮ್ಮ ಪಾಲಿನ ಪಿಎಫ್ 1,800, ಇಎಸ್‌ಐ ಶೇಕಡಾ 0.75ರಂತೆ 135, ಇವೆರಡೂ ಹೋಗಿ ಬ್ಯಾಂಕಿಗೆ ಬೀಳೋದು 16,065. ಫೋನಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ತಿಂಗಳಿಗೆ 5,185 ರೂಪಾಯಿ ವ್ಯತ್ಯಾಸ. ನಿಮ್ಮ ಕಂಪನಿಯವರು ಬೇರೆ ರೀತಿ ಪಾಲು ಮಾಡಿರಬಹುದು, ಅದಕ್ಕೇ ಕೇಳಬೇಕು ಅನ್ನೋದು.

ಇದನ್ನೆಲ್ಲ ಕಂಪನಿ ನುಂಗಿತು ಅಂದುಕೊಳ್ಳಬೇಡಿ. ಪಿಎಫ್ ನಿಮ್ಮದೇ ದುಡ್ಡು. ಕಂಪನಿಯ 1,800ರಲ್ಲಿ 1,250 ಪಿಂಚಣಿಗೆ ಹೋಗಿ ಉಳಿದ 550 ನಿಮ್ಮ ಪಿಎಫ್ ಖಾತೆಗೆ ಸೇರುತ್ತದೆ. ಇಎಸ್‌ಐ ಇದ್ದರೆ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಗ್ರಾಚ್ಯುಟಿಯದ್ದು ಮಾತ್ರ ಸ್ವಲ್ಪ ನೋಡಿ. ಕಾಯಂ ಕೆಲಸದವರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೇ ಅದು ಸಿಗೋದು, ಅದಕ್ಕೆ ಮೊದಲೇ ಬಿಟ್ಟರೆ ಪ್ಯಾಕೇಜಿನಲ್ಲಿ ತೋರಿಸಿದ ಆ 865 ನಿಮಗೆ ಬರೋದಿಲ್ಲ. ವೃತ್ತಿ ತೆರಿಗೆಯ ಚಿಂತೆ ನಿಮಗೆ ಬೇಡ, ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳ ಇದ್ದವರಿಗೆ ಅದು ಇಲ್ಲ.

ಕೇಳೋದಕ್ಕೆ ಸರಿಯಾದ ಹೊತ್ತು ಯಾವುದು ಅಂದರೆ, ಅವರು ನಿಮ್ಮನ್ನು ತೆಗೆದುಕೊಳ್ಳುತ್ತೇವೆ ಅಂದ ಮೇಲೆ, ನೀವು ಹಾಜರಿ ಹಾಕುವ ಮೊದಲು. ಈಗ ನೀವಿರೋದು ಸರಿಯಾಗಿ ಅಲ್ಲೇ. ಫೋನ್ ಮಾಡಬೇಡಿ, ಬರೆದು ಕಳಿಸಿ. ಫೋನಿನಲ್ಲಿ ನಾವು ತಡವರಿಸುತ್ತೇವೆ, ಆ ಕಡೆಯವರು "ಬನ್ನಿ, ಬಂದ ಮೇಲೆ ಮಾತಾಡುವಾ" ಅಂದರೆ "ಹೂಂ ಸರ್" ಅಂದು ಇಟ್ಟುಬಿಡುತ್ತೇವೆ. ಈಮೇಲ್ ಇದ್ದರೆ ಈಮೇಲ್, ಇಲ್ಲದಿದ್ದರೆ ವಾಟ್ಸಾಪ್ ಸಾಕು. ಹೀಗೆ ಬರೆಯಿರಿ:

"ನಮಸ್ಕಾರ ಸರ್. ಕೆಲಸಕ್ಕೆ ಆರಿಸಿದ್ದಕ್ಕೆ ಧನ್ಯವಾದ. ಸೋಮವಾರ ಬೆಳಿಗ್ಗೆ ಬರುತ್ತೇನೆ. ವರ್ಷಕ್ಕೆ 2 ಲಕ್ಷ 55 ಸಾವಿರ ಅಂತ ಫೋನಿನಲ್ಲಿ ಹೇಳಿದ್ದಿರಿ. ಅದರಲ್ಲಿ ಪಿಎಫ್, ಇಎಸ್‌ಐ ಎಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು ಎಷ್ಟು, ಯಾವ ತಾರೀಕಿಗೆ ಬರುತ್ತದೆ ಅಂತ ತಿಳಿಸುತ್ತೀರಾ? ನೇಮಕ ಪತ್ರ ಸೇರುವ ಮೊದಲು ಸಿಕ್ಕಿದರೆ ಅನುಕೂಲ."

ಇಷ್ಟೇ. ಕ್ಷಮೆ ಕೇಳಬೇಡಿ, ಮನೆಯ ಕಷ್ಟ ಬರೆಯಬೇಡಿ, "ತಪ್ಪು ತಿಳಿಯಬೇಡಿ" ಅಂತಲೂ ಬೇಡ. ತಪ್ಪು ತಿಳಿಯುವಂಥದ್ದು ಇದರಲ್ಲಿ ಏನೂ ಇಲ್ಲ. ಬರೋದು ಖಚಿತ ಅಂತ ಮೊದಲೇ ಹೇಳಿದ್ದರಿಂದ ಚೌಕಾಸಿ ಅನ್ನಿಸೋದಿಲ್ಲ, ಲೆಕ್ಕ ಬರೆಯುವ ಕೆಲಸಕ್ಕೆ ಬರುವವಳು ತನ್ನ ಲೆಕ್ಕ ಕೇಳಿದರೆ ಯಾವ ಒಳ್ಳೆ ಮಾಲೀಕನಿಗೂ ಸಿಟ್ಟು ಬರಬಾರದು.

ಕಾನೂನೂ ನಿಮ್ಮ ಕಡೆಗೇ ಇದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಕಿನ ಒಳಗೆ ಕೊಡಬೇಕು, ಸಂಬಳದ ಚೀಟಿ ಕೊಡಬೇಕು, ನೇಮಕ ಪತ್ರ ಕೊಡಬೇಕು, ಕೆಲಸ ಬಿಟ್ಟರೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದರಲ್ಲಿ ಇದೆ. ಮೊದಲ ಸಂದೇಶದಲ್ಲೇ ಇದನ್ನೆಲ್ಲ ಬರೆಯೋಕೆ ಹೋಗಬೇಡಿ. ಗೊತ್ತಿದ್ದರೆ ಸಾಕು, ಕೇಳುವಾಗ ಧೈರ್ಯ ಇರುತ್ತದೆ.

ಇನ್ನೊಂದು ಮಾತು ಬರಬಹುದು. "ಹೇಗೂ ಅಂಕೋಲಾದಿಂದ ಬಸ್ಸು ಫ್ರೀ ಅಲ್ವಾ, ನಿಮಗೆ ಖರ್ಚೇನು" ಅಂತ. ಶಕ್ತಿ ಯೋಜನೆ ಸರ್ಕಾರ ನಿಮಗೆ ಕೊಟ್ಟಿದ್ದು, ಕಂಪನಿಗೆ ಕೊಟ್ಟಿದ್ದಲ್ಲ. ಆ ಮಾತಿಗೆ ಸಂಬಳದಲ್ಲಿ ಒಂದು ರೂಪಾಯಿಯನ್ನೂ ಬಿಟ್ಟುಕೊಡಬೇಡಿ.

ನಿಮ್ಮಂಥದ್ದೇ ಪ್ರಶ್ನೆ ಇಟ್ಟುಕೊಂಡು ಬೇರೆ ಥರದ ಕೆಲಸಕ್ಕೆ ಹೋಗುವವರೂ ಇದನ್ನು ಓದಬಹುದು, ಅದಕ್ಕೆ ಎರಡು ಮಾತು. ಗೋಕರ್ಣ, ಮುರ್ಡೇಶ್ವರದ ಕಡೆ ರೆಸಾರ್ಟಿಗೆ ಸೇರುವವರು ಮಳೆಗಾಲದ ಸಂಬಳ ಕೇಳದೆ ಸೇರಲೇಬಾರದು. ಜೂನ್ ಬಂತು ಅಂದರೆ ಜನ ಕಡಿಮೆಯಾಗುತ್ತಾರೆ, ಆಗ ಅರ್ಧ ಸಂಬಳವಾ, ಮನೆಗೆ ಕಳಿಸುತ್ತಾರಾ, ಮತ್ತೆ ಕರೆಯುತ್ತಾರಾ? ಊಟ ಮತ್ತು ರೂಮಿಗೆ ಅಂತ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನೋದನ್ನೂ ಕೇಳಿ. ಕೈಗಾ ಅಥವಾ ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸ ಅಂದರೆ ಸಂಬಳ ಕೊಡೋದು ಗುತ್ತಿಗೆದಾರ, ಗೇಟಿನ ಮೇಲಿನ ಹೆಸರಿನವರಲ್ಲ. ಹಾಗಾಗಿ ಗುತ್ತಿಗೆದಾರನ ಹೆಸರು, ವಿಳಾಸ, ಪಿಎಫ್ ಕಟ್ಟುತ್ತಾರಾ ಅನ್ನೋದು ಮೊದಲೇ ತಿಳಿದಿರಬೇಕು. ಅವನು ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆ ಕೊಡಬೇಕಾಗುತ್ತದೆ. ಮಾಜಾಳಿ ದಾಟಿ ಗೋವಾಕ್ಕೆ ದಿನಾ ಹೋಗಿಬರುವವರಿಗೆ ಅಲ್ಲಿಯ ಕನಿಷ್ಠ ವೇತನ ಲೆಕ್ಕಕ್ಕೆ ಬರುತ್ತದೆ, ಕರ್ನಾಟಕದ್ದಲ್ಲ. 

ನಿಮ್ಮ ವಿಷಯಕ್ಕೆ ವಾಪಸ್. ಉತ್ತರ ಮೂರು ಥರ ಬರಬಹುದು. ಅಂಕಿ ಬರೆದು ಕಳಿಸಿದರೆ ಒಳ್ಳೆಯದು, ಆ ಸಂದೇಶ ಅಳಿಸಬೇಡಿ. "ಬಂದ ಮೇಲೆ ಹೇಳುತ್ತೇವೆ" ಅಂದರೆ ಸೋಮವಾರ ಹೋಗಿ, ಆದರೆ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಎದುರೇ ಕೂತು ಕೇಳಿ, ಅವರು ಹೇಳಿದ್ದನ್ನು ಅದೇ ಸಂಜೆ "ಸರ್, ಬೆಳಿಗ್ಗೆ ಹೀಗೆ ಹೇಳಿದಿರಿ" ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಸಿಟ್ಟು ಮಾಡಿದರೆ ಮಾತ್ರ ನಾನು ಯೋಚನೆ ಮಾಡುತ್ತೇನೆ. ಇಷ್ಟಕ್ಕೇ ರೇಗುವವರು ರಜೆ ಕೇಳಿದರೆ, ಓವರ್‌ಟೈಮ್ ಕೇಳಿದರೆ ಏನು ಮಾಡಬಹುದು? ಅಂಥ ಕಡೆ ಸೇರುವ ಮುಂಚೆ ಅಪ್ಪನ ಜೊತೆ ಇನ್ನೊಮ್ಮೆ ಕೂತು ಮಾತಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನಂತೂ ಯಾರ ಕೈಯಲ್ಲೂ ಬಿಟ್ಟು ಬರಬೇಡಿ, ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ಸಂದೇಶವನ್ನು ಶುಕ್ರವಾರ ಬೆಳಿಗ್ಗೆಯೇ ಕಳಿಸಿಬಿಡಿ. ಶನಿವಾರ ಆಫೀಸು ಅರ್ಧ ದಿನ ಇದ್ದರೂ ಅವರಿಗೆ ಉತ್ತರ ಕೊಡೋಕೆ ಹೊತ್ತು ಸಿಗುತ್ತದೆ, ಭಾನುವಾರ ನಿಮಗೆ ನಿದ್ದೆಯೂ ಬರುತ್ತದೆ.