ಒಂದೇ ಕೋಣೆಯಲ್ಲಿ ಮೂರು ವಯಸ್ಸಿನ ಮಕ್ಕಳು: ಅಂಗನವಾಡಿ ಚಟುವಟಿಕೆಗಳ ಯೋಜನೆ

ಶಾಲಾಪೂರ್ವ ಶಿಕ್ಷಣದ ಪಠ್ಯಗಳಲ್ಲಿ ಮೂರರಿಂದ ನಾಲ್ಕು, ನಾಲ್ಕರಿಂದ ಐದು, ಐದರಿಂದ ಆರು ವರ್ಷದ ಮಕ್ಕಳ ಬೆಳವಣಿಗೆಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ವಿವರಿಸಿರುತ್ತಾರೆ. ಆದರೆ ನಾವು ತರಬೇತಿ ಮುಗಿಸಿ ಅಂಗನವಾಡಿಗೆ ಕಾಲಿಟ್ಟಾಗ ಈ ಮೂರೂ ಗುಂಪಿನ ಮಕ್ಕಳು ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ, ಒಬ್ಬರೇ ಕಾರ್ಯಕರ್ತೆಯ ಸುತ್ತ ಕುಳಿತಿರುತ್ತಾರೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ನೆಲೆಯೂರಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಕಾರ್ಯಕರ್ತೆಯೊಬ್ಬರು, ಸಹಾಯಕಿಯೊಬ್ಬರು, ಒಂದು ಕೋಣೆ ಎಂಬ ಅಂಗನವಾಡಿಯ ಚೌಕಟ್ಟು ಇಂದಿಗೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಆದ್ದರಿಂದ ಪ್ರತಿ ವಯಸ್ಸಿಗೂ ಒಂದೊಂದು ಚಟುವಟಿಕೆಯನ್ನು ಸಿದ್ಧಪಡಿಸುವ ಯೋಜನೆ ಕಾಗದದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಕಂಡರೂ ಕೋಣೆಯೊಳಗೆ ನಡೆಯುವುದಿಲ್ಲ. ಒಂದೇ ಸಾಮಗ್ರಿಯನ್ನು ಎದುರಿಗಿಟ್ಟು, ಅದರಲ್ಲಿ ಮೂರು ಆಳದ ಕೆಲಸಗಳನ್ನು ಕಂಡುಕೊಳ್ಳುವುದೇ ನಮಗೆ ಒಗ್ಗುವ ದಾರಿ.

ಇದನ್ನು ಹುಣಸೆ ಬೀಜದ ಉದಾಹರಣೆಯಿಂದಲೇ ನೋಡಬಹುದು. ಒಂದು ತಟ್ಟೆಯ ತುಂಬ ಹುಣಸೆ ಬೀಜ ಮತ್ತು ಅವರೆ ಬೀಜಗಳನ್ನು ಬೆರೆಸಿ, ಪಕ್ಕದಲ್ಲಿ ಎರಡು ಬಟ್ಟಲುಗಳನ್ನು ಇಟ್ಟರೆ, ಮೂರು ದಾಟಿದ ಮಗು ಬಣ್ಣ ಮತ್ತು ಆಕಾರವನ್ನು ನೋಡಿ ಬೀಜಗಳನ್ನು ಬೇರ್ಪಡಿಸುತ್ತದೆ. ನಡುವೆ ಒಂದೆರಡು ತಪ್ಪು ಬಟ್ಟಲಿಗೆ ಬಿದ್ದರೂ ಚಿಂತೆಯಿಲ್ಲ, ಏಕೆಂದರೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬೀಜವನ್ನು ಹಿಡಿಯುವುದೇ ಆ ಮಗುವಿನ ಪಾಲಿನ ದೊಡ್ಡ ಅಭ್ಯಾಸ. ಮುಂದೆ ಬಳಪ ಹಿಡಿಯುವುದೂ ಇದೇ ಹಿಡಿತದಿಂದ. ನಾಲ್ಕರ ಮಗುವಿಗೆ ಅದೇ ಬೀಜಗಳನ್ನು ಎರಡು ಹುಣಸೆ, ಒಂದು ಅವರೆ, ಮತ್ತೆ ಎರಡು ಹುಣಸೆ ಎಂಬ ಕ್ರಮದಲ್ಲಿ ಜೋಡಿಸಿ ತೋರಿಸಿ, ಸಾಲನ್ನು ಮುಂದುವರಿಸಲು ಹೇಳಬಹುದು. ಐದು ದಾಟಿದ ಇಬ್ಬರು ಮಕ್ಕಳನ್ನು ಅಳಗುಳಿಮಣೆಯ ಮುಂದೆ ಕೂರಿಸಬಹುದು. ಏಳೇಳು ಗುಳಿಗಳ ಎರಡು ಸಾಲಿನಲ್ಲಿ ಒಂದೊಂದೇ ಬೀಜವನ್ನು ಹಾಕುತ್ತ ಹೋಗುವಾಗ ಗುಳಿಗೊಂದು ಬೀಜ ಎಂಬ ಹೊಂದಾಣಿಕೆ, ಸರದಿ ಕಾಯುವ ತಾಳ್ಮೆ, ಮುಂದಿನ ನಡೆಯ ಊಹೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ಆಟದ ಪೂರ್ಣ ನಿಯಮಗಳನ್ನು ಮೊದಲ ದಿನವೇ ಕಲಿಸಬೇಕಾಗಿಲ್ಲ. ಬೀಜ ಹಾಕುತ್ತ ಮಣೆಯನ್ನು ಸುತ್ತಿ ಬಂದರೆ ಆರಂಭಕ್ಕೆ ಅಷ್ಟು ಸಾಕು.

ಇಲ್ಲಿ ಸುರಕ್ಷತೆಯ ಮಾತೊಂದನ್ನು ಸೇರಿಸಲೇಬೇಕು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು ಕೋಣೆಯಲ್ಲಿದ್ದರೆ, ಅದರ ವಯಸ್ಸು ಎಷ್ಟೇ ಇರಲಿ, ಸಣ್ಣ ಬೀಜಗಳನ್ನು ಅದರ ಕೈಗೆ ಕೊಡಬಾರದು. ಬೀಜ ಗಂಟಲಲ್ಲಿ ಅಥವಾ ಮೂಗಿನಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಅಂಥ ಮಗುವಿಗೆ ತೆಂಗಿನ ಕರಟ, ಡಬ್ಬಿಗಳ ದೊಡ್ಡ ಮುಚ್ಚಳ, ಜೋಳದ ಬೆಂಡುಗಳನ್ನು ಬೇರ್ಪಡಿಸುವ ಕೆಲಸ ಕೊಡಬೇಕು. ಅಳಗುಳಿಮಣೆಯನ್ನೂ ಚಿಕ್ಕವರ ಕೈಗೆ ಎಟುಕದ ಮೂಲೆಯಲ್ಲಿ, ಸಹಾಯಕಿಯ ಕಣ್ಣಳತೆಯಲ್ಲಿ ಇಡಬೇಕು.

ಚಟುವಟಿಕೆಯ ಆಳವನ್ನು ನಿರ್ಧರಿಸುವಾಗ ಮಗು ಹೇಗೆ ಯೋಚಿಸುತ್ತದೆ ಎಂಬುದರ ತಿಳಿವಳಿಕೆ ನಮಗಿರಬೇಕು. ಐದು ಬೀಜಗಳ ಎರಡು ಸಾಲುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಿ, ಎರಡರಲ್ಲೂ ಸಮ ಇವೆಯೇ ಎಂದು ನಾಲ್ಕು ವರ್ಷದ ಮಗುವನ್ನು ಕೇಳಿದರೆ ಹೌದು ಎನ್ನುತ್ತದೆ. ಅದರ ಕಣ್ಣೆದುರೇ ಒಂದು ಸಾಲಿನ ಬೀಜಗಳನ್ನು ದೂರದೂರ ಸರಿಸಿ ಮತ್ತೆ ಕೇಳಿದರೆ, ಉದ್ದವಾಗಿ ಕಾಣುವ ಸಾಲಿನಲ್ಲೇ ಹೆಚ್ಚು ಬೀಜಗಳಿವೆ ಎಂದು ಆ ವಯಸ್ಸಿನ ಹೆಚ್ಚಿನ ಮಕ್ಕಳು ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಸುಮಾರು ಎರಡರಿಂದ ಏಳು ವರ್ಷದವರೆಗಿನ ಕಾರ್ಯಪೂರ್ವ ಹಂತದ ಲಕ್ಷಣವೆಂದು ಗುರುತಿಸಿದರು. ಈ ಉತ್ತರ ಮಗುವಿನ ದಡ್ಡತನವಲ್ಲ, ಗದರಿಸಿ ತಿದ್ದುವಂಥದ್ದೂ ಅಲ್ಲ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವೂ ಇದೇ ಉತ್ತರ ಕೊಡಬಹುದು ಎಂಬುದನ್ನು ಗಮನಿಸಿದರೆ, ಸಂಖ್ಯೆಗಳ ಬಾಯಿಪಾಠಕ್ಕೂ ಎಣಿಕೆಯ ಅರಿವಿಗೂ ಎಷ್ಟು ಅಂತರವಿದೆ ಎಂಬುದು ಸ್ಪಷ್ಟವಾಗುತ್ತದೆ. ಊಟದ ಹೊತ್ತಿಗೆ ತಟ್ಟೆಗಳನ್ನು ಎಣಿಸಿ ಒಬ್ಬೊಬ್ಬರ ಮುಂದೆ ಇಡುವ ಕೆಲಸವನ್ನು ಮಕ್ಕಳಿಗೇ ವಹಿಸುವುದು ಗೋಡೆಯ ಅಂಕಿಪಟಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಬರವಣಿಗೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳಬಯಸುತ್ತೇನೆ. ಮಕ್ಕಳು ಸಾಮಾನ್ಯವಾಗಿ ಮೂರರ ಹೊತ್ತಿಗೆ ವೃತ್ತವನ್ನು, ನಾಲ್ಕರ ಹೊತ್ತಿಗೆ ಕೂಡು ಗುರುತನ್ನು (+), ಐದರ ಸುಮಾರಿಗೆ ಚೌಕವನ್ನು, ಅದರ ನಂತರ ತ್ರಿಕೋನವನ್ನು ನೋಡಿ ಬರೆಯಬಲ್ಲರು. ಹೀಗಿರುವಾಗ ಮೂರೂವರೆ ವರ್ಷದ ಮಗುವಿನ ಸ್ಲೇಟಿನ ಮೇಲೆ ‘ಆ’ ಬರೆದುಕೊಟ್ಟು ಹತ್ತು ಸಲ ತಿದ್ದಿಸುವುದು, ಪೋಷಕರು ಎಷ್ಟೇ ಒತ್ತಾಯಿಸಲಿ, ಬೆರಳುಗಳಿಗೆ ಅನ್ಯಾಯ. ಮರಳಿನಲ್ಲಿ ಬೆರಳಾಡಿಸುವುದು, ಜೇಡಿಮಣ್ಣು ಉರುಟುವುದು, ಹಿಟ್ಟಿನಲ್ಲಿ ಚುಕ್ಕಿ ಇಡುವುದು ಆ ವಯಸ್ಸಿನ ಬರವಣಿಗೆ. ಐದು ದಾಟಿದವರಿಗೂ ವರ್ಣಮಾಲೆಯ ಕ್ರಮಕ್ಕಿಂತ, ನಮ್ಮ ಒಂದನೆಯ ತರಗತಿಯಲ್ಲಿ ಬಳಕೆಯಲ್ಲಿರುವ ‘ರ, ಗ, ಸ, ದ, ಅ’ ಎಂಬ ಆಕಾರಸಾಮ್ಯದ ಕ್ರಮ ಹೆಚ್ಚು ಸುಲಭ. ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯಬಹುದೆಂಬುದನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿಕಲಿ ಪದ್ಧತಿಯೂ ಪ್ರಾಥಮಿಕ ತರಗತಿಗಳಲ್ಲಿ ತೋರಿಸಿಕೊಟ್ಟಿತು.

ದೊಡ್ಡ ಸ್ನಾಯುಗಳ ಚಟುವಟಿಕೆಗೆ ಅಂಗಳದಲ್ಲಿ ಗೀಚಿದ ಕುಂಟೆಬಿಲ್ಲೆಯ ಮನೆಗಳೇ ಸಾಕು: ಚಿಕ್ಕವರು ಎರಡೂ ಕಾಲಿನಲ್ಲಿ ಜಿಗಿಯಲಿ, ನಾಲ್ಕರವರು ಕೆಲವು ಹೆಜ್ಜೆ ಕುಂಟಲಿ, ದೊಡ್ಡವರು ಬಿಲ್ಲೆ ಎಸೆದು ಆಡಲಿ.

ಭಾಷೆಯ ಚಟುವಟಿಕೆಗಳಲ್ಲಿ ಹಂತದ ವ್ಯತ್ಯಾಸವನ್ನು ಪ್ರಶ್ನೆಗಳಲ್ಲೇ ತರಬಹುದು. ಕಾಗೆ ಮತ್ತು ಗುಬ್ಬಿಯ ಕಥೆಯನ್ನು ಎಲ್ಲರಿಗೂ ಒಟ್ಟಿಗೆ ಹೇಳಿ, ಚಿಕ್ಕವರಿಗೆ ‘ಕಾಗೆ ಹೇಗೆ ಕೂಗುತ್ತದೆ’ ಎಂದೂ, ನಡುವಿನವರಿಗೆ ‘ಆಮೇಲೆ ಏನಾಯಿತು’ ಎಂದೂ, ದೊಡ್ಡವರಿಗೆ ‘ಗುಬ್ಬಿ ಯಾಕೆ ಬಾಗಿಲು ತೆಗೆಯಲಿಲ್ಲ’ ಎಂದೂ ಕೇಳಬಹುದು. ಮೂರರ ಮಗು ‘ರೊಟ್ಟಿ’ಯನ್ನು ‘ಲೊಟ್ಟಿ’ ಎಂದರೆ ಅದನ್ನು ಪದೇಪದೇ ಸರಿಯಾಗಿ ಹೇಳಿಸಬೇಕಾಗಿಲ್ಲ. ನಾವು ಸ್ಪಷ್ಟವಾಗಿ ಮಾತನಾಡಿದರೆ ಸಾಕು. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಅಥವಾ ತೆಲುಗು ಆಡುವ ಮಗು ಮೊದಮೊದಲು ಸುಮ್ಮನಿದ್ದರೆ ಅದು ಹಿಂದುಳಿದಿದೆ ಎಂದು ಬರೆದಿಡುವುದು ಗಂಭೀರ ತಪ್ಪು. ಅದರ ಭಾಷೆಯ ನಾಲ್ಕು ಪದಗಳನ್ನು ನಾವು ಕಲಿತು ಬಳಸಿದರೆ ಆ ಮಗು ಬಾಯಿಬಿಡುವ ದಿನ ಬೇಗ ಬರುತ್ತದೆ. ಮನೆಮಾತಿನಲ್ಲಿ ಕಲಿಕೆಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒತ್ತು ಕೊಟ್ಟಿದೆ.

ದಿನದ ಯೋಜನೆಯಲ್ಲಿ ಕುಳಿತು ಮಾಡುವ ಕೆಲಸದ ನಂತರ ಓಡಾಡುವ ಕೆಲಸವನ್ನು ಇಡಬೇಕು. ಮಾರ್ಗದರ್ಶಿತ ಚಟುವಟಿಕೆಗಳು ಚಿಕ್ಕವರಿಗೆ ಹತ್ತು, ಹದಿನೈದು ನಿಮಿಷ ಮೀರಬಾರದು. ಕಾರ್ಯಕರ್ತೆ ಒಂದು ಗುಂಪಿನ ಜೊತೆ ಕುಳಿತಾಗ ಉಳಿದವರು ಮುಕ್ತ ಆಟದಲ್ಲಿ ಇರಲಿ. ಮೂರರ ಮಕ್ಕಳು ಅಕ್ಕಪಕ್ಕ ಕುಳಿತು ತಮ್ಮಷ್ಟಕ್ಕೆ ಆಡುತ್ತಿದ್ದರೆ ‘ಸೇರಿ ಆಡಿ’ ಎಂದು ಬಲವಂತ ಮಾಡಬಾರದು. ಪಾತ್ರಗಳನ್ನು ಹಂಚಿಕೊಂಡು ಆಡುವುದು ನಾಲ್ಕರ ನಂತರವೇ ಗಟ್ಟಿಯಾಗುತ್ತದೆ.

ಮಗುವಿನ ಹಂತವನ್ನು ಹುಟ್ಟಿದ ದಿನಾಂಕ ಪೂರ್ತಿಯಾಗಿ ಹೇಳುವುದಿಲ್ಲ. ಆದ್ದರಿಂದ ದಿನಕ್ಕೆ ಇಬ್ಬರು ಮೂವರು ಮಕ್ಕಳನ್ನು ಮಾತ್ರ ಆಯ್ದುಕೊಂಡು, ಅವರು ಏನು ಮಾಡಿದರು ಎಂಬುದನ್ನು ಒಂದೊಂದು ವಾಕ್ಯದಲ್ಲಿ ದಾಖಲಿಸಬೇಕು. ‘ಚುರುಕಾಗಿದ್ದಾಳೆ’ ಎಂಬ ಟಿಪ್ಪಣಿಯಿಂದ ಯೋಜನೆಗೆ ಏನೂ ಸಿಗುವುದಿಲ್ಲ. ‘ನಾಲ್ಕು ಬೀಜ ಎಣಿಸಿದಳು, ಐದನೆಯದನ್ನು ಎರಡು ಸಲ ಎಣಿಸಿದಳು’ ಎಂದು ಬರೆದರೆ, ನಾಳೆ ಆ ಮಗುವಿಗೆ ಎಣಿಸಿದ ಬೀಜವನ್ನು ಪಕ್ಕದ ಬಟ್ಟಲಿಗೆ ಹಾಕುತ್ತ ಎಣಿಸುವ ಕೆಲಸ ಕೊಡಬೇಕೆಂಬುದು ತಾನಾಗಿ ತಿಳಿಯುತ್ತದೆ.