ಮೀನ್ ಪ್ರಾಫಿಟ್ಸ್: ಡೈರಿಯ ಲೆಕ್ಕ ಬೇರೆ, ಕೋರ್ಟಿನ ಲೆಕ್ಕ ಬೇರೆ

ಮೊದಲೇ ಹೇಳಿಬಿಡುತ್ತೇನೆ, 'ಮೀನ್ ಪ್ರಾಫಿಟ್ಸ್' (mesne profits) ಅನ್ನುವ ಈ ಕಾನೂನಿನ ಮಾತಿಗೂ ಮೀನಿಗೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಎಸ್ ಬರುತ್ತದೆ, ಓದುವಾಗ ಅದನ್ನು ನುಂಗಬೇಕು. ಹೊಸ ಜೂನಿಯರ್ ವಕೀಲರು 'ಮೆಸ್ನೆ' ಎಂದು ಓದಿ ನಗಿಸುತ್ತಾರೆ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಒಂದು ಕಾಲಕ್ಕೆ ನಾರ್ಮನ್ನರು ತಂದ ಫ್ರೆಂಚ್ ನಡೆಯುತ್ತಿತ್ತು. ಅದರಲ್ಲಿ ಈ ಪದ ಅಂದರೆ 'ನಡುವಿನ'. ರಾಜನಿಗೂ ಒಕ್ಕಲಿಗೂ ನಡುವೆ ಇದ್ದ ಒಡೆಯನಿಗೂ ಇದೇ ಪದ ಹಚ್ಚುತ್ತಿದ್ದರು. ನಮಗೆ ಅದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2(12)ನೇ ಕಲಮಿನಲ್ಲಿ ಸಿಗುತ್ತದೆ. ನಿಮ್ಮ ಹೊಲ ಬೇರೆಯವರ ಅಕ್ರಮ ಕಬ್ಜಾದಲ್ಲಿದ್ದ ನಡುವಿನ ಕಾಲದ ಆದಾಯ, ಬಡ್ಡಿ ಸಮೇತ.

ಇಷ್ಟು ಎಲ್ಲರಿಗೂ ತಿಳಿಯುತ್ತದೆ. ಯಾರ ಆದಾಯ ಅನ್ನುವಲ್ಲೇ ಎಡವುತ್ತಾರೆ.

ಸಿಂಧನೂರು ಕಡೆಯ ಯಜಮಾನರೊಬ್ಬರು ಡೈರಿ ಹಿಡಿದು ಬಂದರು. ಬದುವಿನ ಆಚೆಯವನು ಎರಡು ಎಕರೆ ಒತ್ತಿಕೊಂಡು ಒಂಬತ್ತು ವರ್ಷ ಆಗಿತ್ತು. ವರ್ಷಕ್ಕೆ ಎರಡು ಬೆಳೆ, ಈಗಿನ ಭತ್ತದ ರೇಟು, ಮಗಳ ಮದುವೆಗೆ ತಂದ ಸಾಲದ ಬಡ್ಡಿ, ಕೊನೆಗೆ 'ಮನಸ್ಸಿನ ನೋವು' ಅಂತ ಬೇರೆ ಒಂದು ಲಕ್ಷ. "ಇಷ್ಟೂ ಬರ್ತದಲ್ರಿ ಸಾಹೇಬ್ರ?" ಅಂದರು. ಪಾಪ, ಅಕ್ಷರ ಮಾತ್ರ ಮುತ್ತಿನ ಹಾಗಿತ್ತು.

ಬರುವುದಿಲ್ಲ. ನಿಮಗೆ ಏನು ಹೋಯಿತು ಎಂದು ಈ ಕಲಮು ಕೇಳುವುದಿಲ್ಲ. ಒತ್ತಿಕೊಂಡವನಿಗೆ ಏನು ಬಂತು, ಇಲ್ಲವೇ ಸಾಮಾನ್ಯ ಶ್ರದ್ಧೆಯಿಂದ ದುಡಿದಿದ್ದರೆ ಏನು ಬರುತ್ತಿತ್ತು, ಅದನ್ನು ಕೇಳುತ್ತದೆ. ಹಾಗಾಗಿ ಅವನು ಬೇಕಂತಲೇ ಹೊಲ ಬೀಳು ಬಿಟ್ಟಿದ್ದರೆ 'ನನಗೇನೂ ಬೆಳೆದಿಲ್ಲ' ಎಂದು ಸುಲಭಕ್ಕೆ ತಪ್ಪಿಸಿಕೊಳ್ಳಲು ಆಗದು. ಎಡದಂಡೆ ಕಾಲುವೆ ನೀರು ಕೊನೆ ಭಾಗಕ್ಕೆ ಬಾರದ ವರ್ಷ ಎರಡನೇ ಬೆಳೆ ಕೇಳಿದರೆ ನಿಮಗೂ ನಡೆಯುವುದು ಕಷ್ಟ. ಅವನು ಸ್ವಂತ ದುಡ್ಡಿನಲ್ಲಿ ಬೋರು ಕೊರೆಸಿ ದಾಳಿಂಬೆ ಹಾಕಿದ್ದರೆ ಆ ಸುಧಾರಣೆಯಿಂದ ಬಂದ ಲಾಭವೂ ನಿಮ್ಮದಲ್ಲ. ಇದನ್ನು ಹೇಳಿದಾಗಲೇ ಜನ ನನ್ನನ್ನು ಎದುರು ಪಾರ್ಟಿಯ ವಕೀಲನ ಹಾಗೆ ನೋಡುತ್ತಾರೆ!

ಇನ್ನು ಒಂಬತ್ತು ವರ್ಷದ್ದು. ಕಾಲಮಿತಿ ಕಾಯ್ದೆಯ 51ನೇ ಅನುಚ್ಛೇದದ ಪ್ರಕಾರ ಆದಾಯ ಕೈಸೇರಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಅಂದರೆ ದಾವೆಗೆ ಹಿಂದಿನ ಹೆಚ್ಚುಕಡಿಮೆ ಮೂರು ವರ್ಷದ್ದಷ್ಟೇ ಕೇಳಬಹುದು. ಉಳಿದ ಆರು ವರ್ಷ ಊರ ಪಂಚಾಯ್ತಿ, ಬೀಗರು, ಮುಂದಿನ ಸುಗ್ಗಿ ಅಂತ ಸುಮ್ನೆ ಹೋಯಿತು. ಸುಮ್ಮನಿದ್ದು 12 ವರ್ಷ ದಾಟಿದರೆ ಹೊಲಕ್ಕೇ ಕುತ್ತು ಬರಬಹುದು, ಆ ಗೋಳು ಬೇರೆ.

ದಾವೆ ಹಾಕಿದ ಮೇಲಿನ ಅವಧಿಗೂ ಕೋರ್ಟು ಆದಾಯ ಕೊಡಿಸಬಹುದು. ಆದರೆ ಮೊತ್ತ ಎಷ್ಟೆಂದು ಡಿಕ್ರಿಯ (ಕೋರ್ಟಿನ ತೀರ್ಪಿನ ಆದೇಶದ) ದಿನವೇ ತೀರ್ಮಾನ ಆಗಬೇಕೆಂದಿಲ್ಲ, ಬೇರೆ ವಿಚಾರಣೆ ನಡೆಯಬಹುದು. ಪ್ರತಿ ಕೇಸೂ ಬೇರೆ, ನಿಮ್ಮ ಕಾಗದ ನೋಡದೆ ಇಷ್ಟೇ ಎನ್ನಲಾರೆ. ಬರುವಾಗ ಪಹಣಿ ತನ್ನಿ, ಪಕ್ಕದ ಹೊಲದವರ ಎಪಿಎಂಸಿ ಚೀಟಿ ಸಿಕ್ಕರೆ ಅದೂ ಇರಲಿ.